ಮುಂದಿನ ಸೀಟಿನ ಯುರೋಪು

ವಿದೇಶಕ್ಕೆ ಹೋಗಿ ಬಂದವರಲ್ಲಿ ಎರಡು ಬಗೆ. ಫೋಟೋ ತೋರಿಸುವವರು ಒಂದು ಬಗೆ, ಸಂಕಟ ತೋಡಿಕೊಳ್ಳುವವರು ಇನ್ನೊಂದು ಬಗೆ. ಮೊದಲನೆಯವರನ್ನು ಕಂಡರೆ ಜನ ರಸ್ತೆಯ ಆ ಬದಿಗೆ ದಾಟಿಬಿಡುತ್ತಾರೆ. ಎರಡನೆಯವರನ್ನು ಹುಡುಕಿಕೊಂಡು ಬಂದು ಮಾತಾಡಿಸುತ್ತಾರೆ, ಏಕೆಂದರೆ ಅಷ್ಟು ದೂರ ಹೋದವನು ಅಲ್ಲಿ ಸುಖಪಡಲಿಲ್ಲ ಎಂದು ಕೇಳಿದರೆ ಊರಲ್ಲೇ ಉಳಿದವರಿಗೆ ಒಂಥರಾ ಸಮಾಧಾನ. ನಾನು ಎರಡನೆಯ ಬಗೆಯವನು. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಕಾಫಿ ಲೋಟ ಹಿಡಿದು ನಿಂತರೆ ಸಾಕು, "ಯುರೋಪು ಹೆಂಗಿತ್ತು ಶಿರಸ್ತೇದಾರ್ರೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಾಲ್ಲೂಕು ಕಚೇರಿಯಿಂದ ನಿವೃತ್ತನಾಗಿ ವರ್ಷಗಳಾದರೂ ಊರಿಗೆ ನಾನಿನ್ನೂ ಶಿರಸ್ತೇದಾರನೇ. ಕೇಳಿದವರಿಗೆ ಬೇಕಾದದ್ದು ಹಿಮ, ಐಫೆಲ್ ಗೋಪುರ, ದೋಣಿ, ಚಾಕೊಲೇಟು. ನಾನು ಹೇಳುವುದು ಸೀಟಿನ ವಿಷಯ. "ಹಿಂದುಗಡೆಯಿಂದ ಮೂರನೇ ಸಾಲಲ್ಲಿ ಕೂತವನಿಗೆ ಯುರೋಪು ಹೆಂಗಿರ್ತದೋ ಹಂಗಿತ್ತು ಕಣಪ್ಪಾ" ಎಂದು ಶುರು ಮಾಡಿದೆನೆಂದರೆ ಅವರ ಕಾಫಿ ಆರಿ ತಣ್ಣಗಾಗುವವರೆಗೆ ಬಿಡುವುದಿಲ್ಲ.

ಈ ಸಿಟ್ಟು ನನ್ನ ಸ್ವಂತ ಸುಖಕ್ಕಾಗಿ ಬಂದದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಬಸ್ಸಿನ ಯಾವ ಸೀಟಾದರೂ ಒಂದೇ, ಬಾಗಿಲಲ್ಲಿ ಜೋತು ಬಿದ್ದಾದರೂ ಹೋಗಬಲ್ಲೆ. ತೊಂದರೆ ಇರುವುದು ನನ್ನ ಹೆಂಡತಿ ಗಿರಿಜಳಿಗೆ. ಅವಳು ಲಿಂಗದಹಳ್ಳಿ ಕಡೆಯವಳು. ಮದುವೆಯಾದ ಹೊಸದರಲ್ಲಿ ತವರಿನಿಂದ ಅವಳನ್ನು ಕರೆದುಕೊಂಡು ಬರುವಾಗ ನಮಗೆ ಹಿಂದಿನ ಸೀಟು ಸಿಕ್ಕಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಅವಳ ಮುಖ ಬಿಳುಚಿ, ಹಣೆ ಬೆವೆತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸ್ಸು ನಿಲ್ಲಿಸಿ ಅವಳನ್ನು ಇಳಿಸಿ, ರಸ್ತೆ ಪಕ್ಕದ ಹುಣಸೆ ಮರದಡಿ ಬೆನ್ನು ಸವರುತ್ತಾ ನಿಂತೆ. ಅಂದೇ ತೀರ್ಮಾನಿಸಿದೆ, ಇವಳಿಗೆ ಇನ್ನೆಂದೂ ಹಿಂದಿನ ಸೀಟಿನ ಪ್ರಯಾಣ ಮಾಡಿಸಬಾರದು ಎಂದು. ಬೇರೆ ಗಂಡಂದಿರು ಹೆಂಡತಿಗೆ ಚಿನ್ನ ಕೊಡಿಸಿದ್ದಾರೆ, ನಿವೇಶನ ಕೊಡಿಸಿದ್ದಾರೆ. ನಾನು ಮುಂದಿನ ಸೀಟು ಕೊಡಿಸಿದೆ. ಒಂದು ಸಲವೂ ತಪ್ಪದೆ ಕೊಡಿಸಿದೆ.

ಅದನ್ನು ಕೊಡಿಸುವುದು ಹೇಗೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ತರೀಕೆರೆಯಿಂದ ಕಡೂರಿನ ಕಚೇರಿಗೆ ಸರ್ವಿಸ್ಸಿನ ಬಹುಪಾಲು ಬಸ್ಸಿನಲ್ಲೇ ಓಡಾಡಿ ಕಲಿತ ವಿದ್ಯೆ ಇದು. ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಅದರ ಜೊತೆ ಓಡುತ್ತಾ ಕಿಟಕಿಯೊಳಗೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಇದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ನನ್ನ ಕೈಯಿಂದ ಹೊರಟ ಎಷ್ಟೋ ಸರ್ಕಾರಿ ಆದೇಶಗಳಿಗಿಂತ ಇದಕ್ಕೆ ಜನ ಹೆಚ್ಚು ಮರ್ಯಾದೆ ಕೊಡುತ್ತಾರೆ. ಕರ್ಚೀಫು ನಡೆಯುವುದಿಲ್ಲ, "ಗಾಳಿಗೆ ಹಾರಿ ಬಂದಿರ್ಬೇಕು" ಎಂದು ಅದನ್ನು ಕೆಳಗೆ ಕೊಡವಿ ಕೂರುವ ಕಿಡಿಗೇಡಿಗಳಿದ್ದಾರೆ. ದಿನಪತ್ರಿಕೆ ಎಸೆದರೆ ಅದನ್ನೇ ಬಿಡಿಸಿಕೊಂಡು ಓದುತ್ತಾ ಕೂತಿರುತ್ತಾರೆ. ಊಟದ ಡಬ್ಬಿ ಪರವಾಗಿಲ್ಲ, ಆದರೆ ಸಾರು ಚೆಲ್ಲುವ ಭಯ. ಹಿರೇನಲ್ಲೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗುವನ್ನೇ ಕಿಟಕಿಯಿಂದ ಒಳಕ್ಕೆ ದಾಟಿಸಿ ಮೂರು ಜನರ ಸೀಟು ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಗು ಅಳಲಿಲ್ಲ, ಕೈಕಾಲು ಚಾಚಿ ಸೀಟಿನ ಉದ್ದಕ್ಕೂ ಮಲಗಿತು. ಅದಕ್ಕೂ ತನ್ನ ಜವಾಬ್ದಾರಿ ಗೊತ್ತಿತ್ತು.

ಇಷ್ಟೆಲ್ಲ ತಾಪತ್ರಯ ಇರುವವರು ಯುರೋಪಿಗೆ ಯಾಕೆ ಹೋಗಬೇಕಿತ್ತು ಎಂದು ನೀವು ಕೇಳಬಹುದು. ಕಾರಣ ಸಮೀವುಲ್ಲಾ. ತರೀಕೆರೆಯಲ್ಲಿ ಟಯರ್ ಅಂಗಡಿ ಇಟ್ಟುಕೊಂಡಿರುವ ನನ್ನ ಸ್ಕೂಲಿನ ದಿನಗಳ ಗೆಳೆಯ. ಅವನೂ ಅವನ ಹೆಂಡತಿ ಶಾಹೀನಳೂ ಗೈಡು, ಕಂಪನಿ ಯಾವುದೂ ಇಲ್ಲದೆ, ಕೈಯಲ್ಲೊಂದು ಮೊಬೈಲ್ ಹಿಡಿದುಕೊಂಡು ವಿಯೆಟ್ನಾಂ ಸುತ್ತಿ ಬಂದರು. ಬಂದವನು ನಮ್ಮ ಮನೆಯ ಜಗಲಿಯಲ್ಲಿ ಕೂತು ಕತೆ ಹೇಳಿದ್ದೇ ಹೇಳಿದ್ದು. "ಒಂದೂರಲ್ಲಿ ತಪ್ಪು ಬಸ್ ಹತ್ತಿಬಿಟ್ವಿ ಕಣೋ. ಎಲ್ಲೋ ಹಳ್ಳೀಲಿ ಇಳಿಸಿ ಹೋಗ್ಬಿಟ್ಟ. ನೋಡಿದ್ರೆ ಯಾರ್ದೋ ಮನೇಲಿ ಮದುವೆ! ಕರ್ದು ಕೂರಿಸಿದ್ರು. ಮಾಂಸ ಬೇಡ ಅಂತ ಕೈ ಸನ್ನೆ ಮಾಡ್ದೆ, ಒಂದು ಬುಟ್ಟಿ ಹಣ್ಣು ತಂದಿಟ್ರು. ಶಾಹೀನು ಮದುವೆ ಹೆಣ್ಣಿನ ಕೈಗೆ ಮೆಹಂದಿ ಹಾಕಿ ಬಂದ್ಲು" ಎಂದ. ಗಿರಿಜಳ ಕಣ್ಣು ಅರಳಿದ್ದು ನನಗೆ ಕಾಣಿಸಿತು. "ನಾವೂ ಹಿಂಗೇ ಹೋಗಣ ಕಣ್ರೀ" ಎಂದಳು. ನನಗೆ ಮೈ ಉರಿಯಿತು. ತಪ್ಪು ಬಸ್ಸು ಹತ್ತಿದ್ದನ್ನು ಒಬ್ಬ ಮನುಷ್ಯ ಇಷ್ಟು ಖುಷಿಯಾಗಿ ಹೇಳುವುದುಂಟೇ? "ಅಂಥಾ ಹೊತ್ತಲ್ಲಿ ಕೇಳೋಕೆ, ಬೈಯೋಕೆ ಒಬ್ಬ ಹೊಣೆಗಾರ ಬೇಡ್ವೇನೋ?" ಎಂದು ಕೇಳಿದೆ. "ಬೈಯೋಕಂತ ಒಬ್ರನ್ನ ಕಾಸು ಕೊಟ್ಟು ಜೊತೇಲಿ ಕರ್ಕೊಂಡು ಹೋಗ್ತೀಯೇನೋ?" ಎಂದ. ಹೌದು ಎಂದೆ. ಅದರಲ್ಲಿ ನಗುವಂಥದ್ದು ಏನಿತ್ತೋ, ಅವನೂ ಗಿರಿಜಳೂ ಬಹಳ ಹೊತ್ತು ನಕ್ಕರು.

ಹೀಗೆ ನಾವು ಟೂರ್ ಕಂಪನಿಯ ಮೂಲಕ ಹೊರಟೆವು. ಅವರ ಆಫೀಸಿನಲ್ಲಿದ್ದ ಮನುಷ್ಯ "ನೀವು ಕೂತ್ರೆ ಸಾಕು ಸರ್, ಮಿಕ್ಕಿದ್ದೆಲ್ಲ ನಾವು ನೋಡ್ಕೋತೀವಿ" ಎಂದಿದ್ದ. ಎಲ್ಲಿ ಕೂರಬೇಕು ಎಂಬುದನ್ನು ಆ ಮಹಾನುಭಾವ ಬಾಯಿ ಬಿಟ್ಟು ಹೇಳಲಿಲ್ಲ. ನಮ್ಮ ಉಸ್ತುವಾರಿಗೆ ಬಂದವರು ಮಾಲಿನಿ ಎಂಬ ಬೆಂಗಳೂರಿನ ಹೆಂಗಸು. ಗಟ್ಟಿ ಗಂಟಲು, ಕೈಯಲ್ಲೊಂದು ಕಿತ್ತಳೆ ಬಣ್ಣದ ಛತ್ರಿ. ಮಳೆಯಿರಲಿ ಬಿಸಿಲಿರಲಿ ಆ ಛತ್ರಿಯನ್ನು ಎತ್ತಿ ಹಿಡಿದು ಅವರು ಮುಂದೆ ನಡೆದರೆ, ಮಕ್ಕಳು ಮೊಮ್ಮಕ್ಕಳನ್ನು ಕಂಡ ನಾವೆಲ್ಲ ಅದರ ಹಿಂದೆ ಓಡಬೇಕು. ಜೀವಮಾನವೆಲ್ಲ ದುಡಿದು, ಇನ್ನು ಬೆಳಿಗ್ಗೆ ನಿಧಾನವಾಗಿ ಏಳಬಹುದು ಎಂದುಕೊಂಡವರನ್ನು ಕೋಳಿ ಕೂಗುವ ಹೊತ್ತಿಗೆ ಫೋನು ಮಾಡಿ ಎಬ್ಬಿಸುತ್ತಿದ್ದರು. ಒಂದು ದೊಡ್ಡ ಚರ್ಚಿನ ಮುಂದೆ ಇಳಿಸಿ, ನಾನು ಕನ್ನಡಕ ಒರೆಸಿ ತಲೆ ಎತ್ತುವಷ್ಟರಲ್ಲಿ ಹತ್ತಿ ಹತ್ತಿ ಎನ್ನುತ್ತಿದ್ದರು. ಅದಕ್ಕೆ ಫೋಟೋ ಸ್ಟಾಪ್ ಎಂದು ಹೆಸರು. ನಮ್ಮ ಕಡೆ ಡ್ರೈವರು ಬೀಡಿ ಸೇದಲು ನಿಲ್ಲಿಸಿದರೂ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸುತ್ತಾನೆ.

ಊಟದ ಅನ್ಯಾಯ ಇನ್ನೊಂದು. ಭಾರತೀಯ ಊಟ ಗ್ಯಾರಂಟಿ ಎಂದಿದ್ದರು. ಗ್ಯಾರಂಟಿಯೇನೋ ನಿಜವೇ. ಫ್ರಾನ್ಸಿನಲ್ಲೂ ಪನೀರು, ಸ್ವಿಟ್ಜರ್ಲೆಂಡಿನಲ್ಲೂ ಪನೀರು, ಜೊತೆಗೆ ಅದೇ ಹಳದಿ ದಾಲು. ಹಿಮದ ಬೆಟ್ಟದ ತುದಿಗೆ ಹಗ್ಗದ ತೊಟ್ಟಿಲಲ್ಲಿ ನೇತಾಡುತ್ತಾ ಹೋದರೆ ಅಲ್ಲೂ ಪನೀರು ನಮಗಿಂತ ಮುಂಚೆ ಬಂದು ಕೂತಿತ್ತು. ನಾನೇನು ಆಲ್ಪ್ಸ್ ಪರ್ವತದ ಮೇಲೆ ಮುದ್ದೆ ಬಸ್ಸಾರು ಕೇಳಿದೆನೇ? ಆ ಊರಿನವರು ತಿನ್ನುವ ಹಸಿ ಸೊಪ್ಪನ್ನಾದರೂ ಹಾಕಲಿ ಎಂದರೆ, "ಸರ್, ಗ್ರೂಪಿಗೆ ಇದೇ ಮೆನು" ಎಂದರು. ಇನ್ನು ಕಕ್ಕಸಿಗೆ ಹೋಗಲು ಕಾಸು ಕೊಡಬೇಕು. ಬೀರೂರು ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಕೇಳುವವನು ಮನುಷ್ಯ, ಅವನನ್ನು ಗದರಿಸಿ ಒಳಗೆ ಹೋಗಬಹುದು. ಇಲ್ಲಿ ಇರುವುದು ಒಂದು ಕಬ್ಬಿಣದ ಗೇಟು, ನಾಣ್ಯ ಹಾಕಿದರೆ ಮಾತ್ರ ತಿರುಗುತ್ತದೆ. ಅದರ ಮುಂದೆ ನಿಂತು ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿದೆ. ಹಿಂದೆ ನಿಂತಿದ್ದ ಬಿಳಿಯನೊಬ್ಬ ಪಾಪ ಎಂದುಕೊಂಡು ನನ್ನ ಪರವಾಗಿ ತಾನೇ ನಾಣ್ಯ ಹಾಕಿದ. ಆ ಅವಮಾನ ಬೇರೆ.

ಇವೆಲ್ಲವನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಮೊದಲ ದಿನ ಬಸ್ಸು ಹೊರಟ ಮೇಲೆ ಮಾಲಿನಿ ಮೈಕು ಹಿಡಿದು, ದಿನವೂ ಎಲ್ಲರೂ ಎರಡು ಸಾಲು ಹಿಂದಕ್ಕೆ ಜರುಗಬೇಕು, ಹೀಗೆ ಸೀಟು ರೊಟೇಶನ್ ಆಗುತ್ತದೆ ಎಂದು ಸಾರಿದರಲ್ಲ, ಅದನ್ನು ನುಂಗಲಾಗಲಿಲ್ಲ. ಗಿರಿಜಳಿಗೆ ಅಂದು ಮುಂದಿನ ಸೀಟು ಸಿಕ್ಕಿತ್ತು, ಹೇಗೂ ಕೊನೆಯವರೆಗೆ ಇದೇ ಎಂದು ನಾನು ನೆಮ್ಮದಿಯಿಂದಿದ್ದೆ. ಎದ್ದು ಹೋಗಿ ಹೇಳಿದೆ, "ಮೇಡಂ, ನನ್ನ ಹೆಂಡ್ತಿಗೆ ಹಿಂದೆ ಕೂತ್ರೆ ವಾಂತಿ."

"ಹತ್ತೋಕ್ ಮುಂಚೆ ಮಾತ್ರೆ ಕೊಡ್ತೀನಿ ಸರ್."

"ಮಾತ್ರೆ ಬೇಡ, ಸೀಟು ಕೊಡಿ."

"ಎಲ್ರಿಗೂ ಮುಂದೆ ಕೂರೋ ಆಸೆ ಇರುತ್ತೆ ಸರ್. ಇಡೀ ಜಗತ್ತಲ್ಲಿ ಟೂರ್ ಬಸ್ಸಲ್ಲಿ ಹಿಂಗೇ."

"ಹಾಗಾದ್ರೆ ಇಡೀ ಜಗತ್ತೇ ತಪ್ಪು" ಎಂದೆ.

ಹಿಂದಿನಿಂದ ಗಿರಿಜ ನನ್ನ ಅಂಗಿ ಜಗ್ಗುತ್ತಿದ್ದಳು. "ಬಿಡ್ರೀ, ಎಲ್ಲಾದ್ರೂ ಕೂತ್ಕೋತೀನಿ" ಎನ್ನುತ್ತಿದ್ದಳು. ತಿರುಗಿ ನೋಡಿದರೆ ಅವಳ ಮುಖ ಆಗಲೇ ಬಿಳುಚಿತ್ತು, ಹಣೆಯಲ್ಲಿ ಬೆವರು. ನನಗೆ ಇನ್ನೇನು ಸಾಕ್ಷಿ ಬೇಕು? "ನೋಡಿ ಮೇಡಂ, ನೋಡಿ! ಹಿಂದೆ ಕೂರ್ಬೇಕು ಅನ್ನೋ ಮಾತಿಗೇ ಹೆಂಗಾಗಿದಾಳೆ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ. ಗಿರಿಜ ಕಣ್ಣು ಮುಚ್ಚಿಕೊಂಡಳು. ನಾನು ಜೇಬಿನಲ್ಲಿ ಸದಾ ಇಟ್ಟುಕೊಳ್ಳುವ ಪ್ಲಾಸ್ಟಿಕ್ ಕವರನ್ನು ತೆಗೆದು ಅವಳ ಮುಂದೆ ಹಿಡಿದೆ.

ನ್ಯಾಯ ಕೇಳಿದರೆ ಸಿಗುವುದಿಲ್ಲ ಎಂದ ಮೇಲೆ ಕಲಿತ ವಿದ್ಯೆಯೇ ಗತಿ. ಆದರೆ ಆ ಬಸ್ಸಿನ ಕಿಟಕಿಗಳು ತೆರೆಯುವಂಥವಲ್ಲ! ಅಷ್ಟುದ್ದದ ಗಾಜಿನಲ್ಲಿ ಒಂದು ಟವೆಲ್ ತೂರುವಷ್ಟು ಸಂದಿ ಇಲ್ಲ. ಇಂಥ ಬಸ್ಸು ಕಟ್ಟಿದವರು ಸೀಟು ಹಿಡಿಯುವುದರ ಬಗ್ಗೆ ಏನು ಯೋಚನೆ ಮಾಡಿದ್ದರೋ ದೇವರೇ ಬಲ್ಲ. ಹೀಗಾಗಿ ಬೆಳಗಿನ ತಿಂಡಿಯನ್ನು ಅರ್ಧಕ್ಕೇ ಬಿಟ್ಟು, ಡ್ರೈವರು ಸೂಟ್‌ಕೇಸು ತುಂಬಲು ಬಾಗಿಲು ತೆರೆಯುವುದನ್ನೇ ಕಾದು, ಒಳಗೆ ನುಗ್ಗಿ ನನ್ನ ಕೆಂಪು ಚೌಕುಳಿ ಟವೆಲ್ಲನ್ನು ಮುಂದಿನ ಎರಡು ಸೀಟಿನ ಮೇಲೂ ಬರುವಂತೆ ಹಾಸಿದೆ. ಅಂದು ಆ ಸೀಟು ಯಾರ ಪಾಲಿಗಿತ್ತೋ ಆ ಗುಜರಾತಿ ದಂಪತಿ ಟವೆಲ್ಲನ್ನು ನೋಡಿ, ಏನೋ ಪೂಜೆಯದಿರಬೇಕು ಎಂದುಕೊಂಡು ಹಿಂದೆ ಹೋದರು. ಮಾಲಿನಿ ಹಲ್ಲು ಕಚ್ಚಿಕೊಂಡು ಸುಮ್ಮನಾದರು. ವಿದ್ಯೆ ಎಂದರೆ ಎಲ್ಲ ದೇಶದಲ್ಲೂ ನಡೆಯುತ್ತದೆ ಎಂದು ನಾನು ಗಿರಿಜಳಿಗೆ ದಾರಿಯುದ್ದಕ್ಕೂ ವಿವರಿಸಿದೆ.

ಮರುದಿನ ಅದೇ ಹೊತ್ತಿಗೆ ಬಸ್ಸು ಹತ್ತಿದರೆ ಆಗಲೇ ಅನಾಹುತ ನಡೆದುಹೋಗಿತ್ತು. ನನ್ನ ಸೀಟಿನ ಮೇಲೆ ಹಸಿರು ಅಂಚಿನ ಒಂದು ಬಿಳಿ ಟವೆಲ್ ಬಿದ್ದಿತ್ತು. ಮರೆತು ಹೋದದ್ದಲ್ಲ, ನಾಲ್ಕು ಮೂಲೆ ಬಿಡಿಸಿ, ನಡುವೆ ಕೈಯಿಂದ ತಟ್ಟಿ ಹಾಸಿದ ಟವೆಲ್. ನೋಡಿದ ತಕ್ಷಣ ನನಗೆ ತಿಳಿಯಿತು, ಈ ಮನುಷ್ಯ ಪಂಜಾಬಿಯಲ್ಲ, ಮರಾಠಿಯಲ್ಲ, ಖಂಡಿತ ನಮ್ಮ ಕಡೆಯವನು. ಮನಸ್ಸಿಗೆ ಒಂದು ಗಳಿಗೆ ಸಂತೋಷವೇ ಆಯಿತು ಎಂದರೂ ತಪ್ಪಿಲ್ಲ. ಅಷ್ಟರಲ್ಲಿ ದಪ್ಪ ಮೀಸೆಯ ಒಬ್ಬರು ಮೆಟ್ಟಿಲು ಹತ್ತಿ ಬಂದು, "ಏನ್ರೀ, ಟವೆಲ್ ಹಾಕಿರೋದು ಕಾಣ್ಸಲ್ವಾ?" ಎಂದರು.

"ಯಾವೂರು ನಿಮ್ದು?" ಎಂದೆ.

"ಅಜ್ಜಂಪುರ."

ಎರಡು ವಿಮಾನ ಹತ್ತಿ, ಸಮುದ್ರ ದಾಟಿ, ಹಿಮದ ಬೆಟ್ಟದ ಬುಡಕ್ಕೆ ಬಂದರೂ ನನ್ನ ಸೀಟಿಗೆ ಅಡ್ಡ ಬರುವವನು ಅಜ್ಜಂಪುರದವನೇ! ಹೆಸರು ವೀರಭದ್ರಪ್ಪ, ಈರುಳ್ಳಿ ವ್ಯಾಪಾರಿ. ಹೆಂಡತಿ ಸರ್ವಮಂಗಳಮ್ಮನಿಗೆ ಮಂಡಿ ನೋವು, ಹಿಂದಿನ ಸೀಟಿನಲ್ಲಿ ಕಾಲು ಚಾಚಲಾಗುವುದಿಲ್ಲ, ಅದಕ್ಕೇ ಈ ಟವೆಲ್. ರಾತ್ರಿ ಬಸ್ಸಿನಿಂದ ಇಳಿಯುವಾಗಲೇ ಹಾಕಿ ಇಳಿದಿದ್ದರಂತೆ. ನನಗೆ ನ್ಯಾಯದ ಎಳೆ ಸಿಕ್ಕಿತು. "ರಾತ್ರಿ ಹಾಕಿದ ಟವೆಲ್ ಬೆಳಿಗ್ಗೆಗೆ ನಡೆಯಲ್ಲ ಸ್ವಾಮಿ. ಬಸ್ಸು ಟ್ರಿಪ್ ಮುಗಿಸಿದ್ರೆ ಟವೆಲ್ಲೂ ರದ್ದು" ಎಂದೆ.

"ಅಜ್ಜಂಪುರದಲ್ಲಿ ನಡೀತದೆ ಕಣ್ರೀ."

"ತರೀಕೆರೇಲಿ ನಡೆಯಲ್ಲ."

"ಇದು ನಿಮ್ ತರೀಕೆರೇನಾ?"

"ನಿಮ್ ಅಜ್ಜಂಪುರಾನೂ ಅಲ್ಲ" ಎಂದು ನನ್ನ ಟವೆಲ್ಲನ್ನು ಅವರದರ ಮೇಲೆ ಹಾಸಿದೆ. ಅವರು ತಮ್ಮದನ್ನು ಅಡಿಯಿಂದ ಎಳೆದು ನನ್ನದರ ಮೇಲೆ ಹಾಕಿದರು. ಕೊನೆಗೆ ಮಾಲಿನಿಯವರೇ ತೀರ್ಪು ಕೊಡಲಿ ಎಂದು ಇಬ್ಬರೂ ಹೋಟೆಲಿನೊಳಗೆ ಹೋದೆವು. ವಾಪಸು ಬಂದು ನೋಡಿದರೆ ಎರಡೂ ಟವೆಲ್ ನಾಪತ್ತೆ. ಆ ದೇಶದ ಡ್ರೈವರಿಗೆ ಇದರ ಅರ್ಥ ಎಲ್ಲಿ ಗೊತ್ತಾಗಬೇಕು? ಯಾರೋ ಹೋಟೆಲಿನ ಟವೆಲ್ಲುಗಳನ್ನು ಬಸ್ಸಿನಲ್ಲಿ ಬಿಟ್ಟಿದ್ದಾರೆ ಎಂದು ಎರಡನ್ನೂ ಎತ್ತಿ ಹೋಟೆಲಿನ ಬಟ್ಟೆ ಒಗೆಯುವ ಗಾಡಿಗೆ ಹಾಕಿಬಿಟ್ಟಿದ್ದ. ಗಾಡಿ ಹೊರಟುಹೋಗಿತ್ತು. ನನ್ನ ಟವೆಲ್ ಇವತ್ತಿಗೂ ಸ್ವಿಟ್ಜರ್ಲೆಂಡಿನಲ್ಲಿ ಯಾವನೋ ಬಿಳಿಯನ ತಲೆ ಒರೆಸುತ್ತಿದೆ. ಮಾಲಿನಿ ಆ ಮುಂದಿನ ಸೀಟನ್ನು ರೊಟೇಶನ್ ಪ್ರಕಾರ ಯಾರಿಗೋ ಕೊಟ್ಟು, ನಮ್ಮಿಬ್ಬರ ಕುಟುಂಬವನ್ನೂ ಹಿಂದಕ್ಕೆ ಅಟ್ಟಿದರು. ಅಂದು ಹಿಂದುಗಡೆಯಿಂದ ಮೂರನೇ ಸಾಲಿನಲ್ಲಿ ನಾನು ಕಂಡ ಯುರೋಪೆಂದರೆ ಮುಂದಿನವರ ನೆತ್ತಿ. ಪಕ್ಕದಲ್ಲಿ ಗಿರಿಜ ಕೂತಿದ್ದಳು. ನಾನು ಈ ಅನ್ಯಾಯದ ಬಗ್ಗೆ ಅವಳಿಗೆ ವಿವರವಾಗಿ ಹೇಳುತ್ತಾ ಹೋದಂತೆ ಅವಳ ಬಣ್ಣ ಇನ್ನೂ ಇಳಿಯಿತು. ಹಿಂದಿನ ಸೀಟು ಯಾರನ್ನೂ ಬಿಡುವುದಿಲ್ಲ ಎಂದುಕೊಂಡೆ.

ಆದರೆ ನಿಜವಾದ ಪರೀಕ್ಷೆ ಮುಂದಿತ್ತು. ಇಟಲಿಗೆ ಇಳಿಯುವ ದಿನ ಸುರಂಗದ ದಾರಿ ಬಿಟ್ಟು ಬೆಟ್ಟದ ಮೇಲಿನ ಘಾಟಿಯಲ್ಲೇ ಹೋಗುವುದು ಟೂರಿನ ವಿಶೇಷ ಎಂದು ಮಾಲಿನಿ ಮೈಕಿನಲ್ಲಿ ಹೇಳಿದರು. ತಿರುವಿನ ಮೇಲೆ ತಿರುವು, ಹಾವು ಹರಿದಂಥ ರಸ್ತೆ ಎಂದು ಅದನ್ನೇನೋ ದೊಡ್ಡ ಸೌಭಾಗ್ಯವೆಂಬಂತೆ ವರ್ಣಿಸಿದರು. ಲಿಂಗದಹಳ್ಳಿಯ ಸಪಾಟು ರಸ್ತೆಯಲ್ಲೇ ತಡೆಯಲಾರದವಳನ್ನು ಈ ಘಾಟಿಯಲ್ಲಿ ಹಿಂದೆ ಕೂರಿಸಿದರೆ ಏನು ಗತಿ? ಅಂದು ಮುಂದಿನ ಸೀಟು ವೀರಭದ್ರಪ್ಪನವರ ಪಾಲಿಗೆ ಬಂದಿತ್ತು. ಬೆಳಿಗ್ಗೆ ಬಾಗಿಲಲ್ಲೇ ಅವರನ್ನು ತಡೆದೆ. ಮೊದಲು ಮರ್ಯಾದೆಯಿಂದ ಕೇಳಿದೆ, ನಮ್ಮ ಸೀಮೆಯವರು ಎಂದೆ, ಹೆಣ್ಣುಮಗಳ ಆರೋಗ್ಯ ಎಂದೆ. ಅವರು ಮಂಡಿ ಎಂದರು. ನಾನು ವಾಂತಿ ಎಂದೆ. ವಾಂತಿ ದೊಡ್ಡದೋ ಮಂಡಿ ದೊಡ್ಡದೋ ಎಂದು ಇಬ್ಬರೂ ಗಂಟಲು ಹರಿದುಕೊಂಡೆವು. ಬಸ್ಸಿನ ಅರ್ಧ ಜನ ಇಳಿದು ಬಂದು ಸುತ್ತ ನಿಂತರು, ಇನ್ನರ್ಧ ಜನ ಗಾಜಿನ ಹಿಂದಿನಿಂದ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಎದುರಿನ ಹೋಟೆಲಿನ ಬಾಲ್ಕನಿಯಲ್ಲಿ ಹೂವಿಗೆ ನೀರು ಹಾಕುತ್ತಿದ್ದ ಮುದುಕಿಯೊಬ್ಬಳು ನೀರು ನಿಲ್ಲಿಸಿ ನೋಡಿದಳು. ಕೊನೆಗೆ ಮಾಲಿನಿ ಎರಡೂ ಕೈ ಜೋಡಿಸಿ, "ಸಾಕು ಸರ್! ಮುಂದೆ ಎರಡು ಸೀಟಿದೆ. ಒಂದು ನಿಮ್ಮನೆಯವರಿಗೆ, ಒಂದು ಅವರ ಮನೆಯವರಿಗೆ. ಇನ್ನು ಯಾರೂ ಮಾತಾಡಂಗಿಲ್ಲ" ಎಂದರು.

ಗೆದ್ದೆ! "ಬಾರೇ, ಸೀಟು ಸಿಕ್ತು" ಎಂದು ಗಿರಿಜಳನ್ನು ಕೂಗಿದೆ. ಆಚೆಯಿಂದ ವೀರಭದ್ರಪ್ಪನವರೂ "ಮಂಗಳಾ, ಬಾ" ಎಂದರು. ಹೆಂಗಸರಿಬ್ಬರೂ ಒಂದು ಬದಿಯಲ್ಲಿ ಒಟ್ಟಿಗೆ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವೇ ಕೂತ್ಕೊಳ್ಳಿ, ಇಬ್ರೂ" ಎಂದಳು ಗಿರಿಜ. ಅಷ್ಟು ಹೇಳಿ ಸರ್ವಮಂಗಳಮ್ಮನ ಕೈ ಹಿಡಿದು ಸೀದಾ ನಡೆದು ಬಸ್ಸಿನ ಕಟ್ಟಕಡೆಯ ಸಾಲಿಗೆ ಹೋಗಿ ಕೂತಳು.

ಊರೆಲ್ಲ ಕೇಳುವಂತೆ ಕಿತ್ತಾಡಿ ಪಡೆದ ಸೀಟನ್ನು ಖಾಲಿ ಬಿಡುವುದುಂಟೇ? ನಾನೂ ವೀರಭದ್ರಪ್ಪನವರೂ ಮುಂದಿನ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತೆವು. ಎದುರಿನ ಆಳೆತ್ತರದ ಗಾಜಿನಲ್ಲಿ ಇಡೀ ಪರ್ವತಸಾಲೇ ಬಂದು ನಿಂತಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ನೋಡಲಿಲ್ಲ. ನಮ್ಮಿಬ್ಬರ ನಡುವಿನ ಕೈಯಿಡುವ ಪಟ್ಟಿಯನ್ನು ಬಿಡದೆ ಹಿಡಿದುಕೊಳ್ಳುವುದೇ ನನಗೊಂದು ಕೆಲಸವಾಗಿತ್ತು. ಮೇಲಾಗಿ ಜೀವವೆಲ್ಲ ಹಿಂದಿನ ಸಾಲಿನಲ್ಲಿತ್ತು. ಮೊದಲ ತಿರುವು ಬರುತ್ತಿದ್ದಂತೆ ಪ್ಲಾಸ್ಟಿಕ್ ಕವರನ್ನು ಸಾಲಿನಿಂದ ಸಾಲಿಗೆ ಕೈದಾಟಿಸಿ ಹಿಂದಕ್ಕೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅದೇ ಕವರು ಕೈಯಿಂದ ಕೈಗೆ ಮುಂದಕ್ಕೆ ಬಂತು. ಬರುವಾಗ ಭಾರವಾಗಿತ್ತು. ಎದೆ ಗಟ್ಟಿ ಮಾಡಿಕೊಂಡು ಬಿಡಿಸಿ ನೋಡಿದರೆ ಒಳಗೆ ನಾಲ್ಕು ಕೋಡುಬಳೆ. ಸರ್ವಮಂಗಳಮ್ಮ ಅಜ್ಜಂಪುರದಿಂದ ತಂದದ್ದಂತೆ. ಬಸ್ಸಿನಲ್ಲಿ ತಿನ್ನಬಾರದು ಎಂದು ದಿನವೂ ಮೈಕಿನಲ್ಲಿ ಎಚ್ಚರಿಸುತ್ತಿದ್ದ ಮಾಲಿನಿ, ಕವರಿನೊಳಗೆ ಕೈ ಹಾಕಿ ಒಂದನ್ನು ತೆಗೆದುಕೊಂಡು ಗಾಜಿನ ಕಡೆ ಮುಖ ತಿರುಗಿಸಿದರು. ಹಿಂದಿನ ಸಾಲಿನಿಂದ ನಗುವಿನ ಮೇಲೆ ನಗು. ಆಮೇಲೆ ಹಾಡು. ಗಿರಿಜ ಹಾಡುತ್ತಾಳೆ ಎಂಬುದನ್ನೇ ನಾನು ಮರೆತ ಹಾಗಿತ್ತು.

ಘಾಟಿಯ ತುದಿಯಲ್ಲಿ ಬಸ್ಸು ನಿಂತಿತು. ಗಿರಿಜ ಇಳಿದು ಬಂದಳು. ಕೆನ್ನೆ ಕೆಂಪಗಾಗಿ, ಆಗತಾನೆ ಎಣ್ಣೆ ನೀರು ಹಾಕಿಕೊಂಡು ಎದ್ದವಳ ಹಾಗಿದ್ದಳು. "ವಾಂತಿ?" ಎಂದೆ.

"ಎಲ್ಲಿ ವಾಂತಿ?" ಎಂದಳು. ಆಮೇಲೆ ನನ್ನನ್ನು ಗುಂಪಿನಿಂದ ಸ್ವಲ್ಪ ಆಚೆ ಕರೆದುಕೊಂಡು ಹೋದಳು. "ಒಂದ್ ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ನನಗೆ ಹೊಟ್ಟೆ ತೊಳಸೋದು ಹಿಂದಿನ ಸೀಟಿಂದಲ್ಲ ಕಣ್ರೀ. ನೀವು ಜಗಳ ಆಡ್ತೀರಲ್ಲ, ಅದ್ರಿಂದ."

ನಾನು ಕೋಡುಬಳೆಯ ಕವರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

"ಆವತ್ತು ನಮ್ಮೂರಿಂದ ಬರೋವಾಗ ಕಂಡಕ್ಟರ್ ಜೊತೆ ಶುರು ಹಚ್ಕೊಂಡೋರು, ಬಸ್ ನಿಲ್ಲಿಸೋವರ್ಗೂ ಬಿಡ್ಲಿಲ್ಲ ನೀವು. ಬಸ್ಸಲ್ಲಿರೋರೆಲ್ಲ ನಿಮ್ಮನ್ನ ಬಿಟ್ಟು ನನ್ ಮುಖಾನೇ ನೋಡೋರು. ಹೊಸ ಸೀರೆ ಉಟ್ಕೊಂಡು ಕೂತಿದ್ದೆ. ಹೊಟ್ಟೆ ಒಳಗೆ ಹಿಂಡಿದಂಗಾಗೋಯ್ತು. ಅವತ್ತಿಂದ ನೀವು ಸೀಟಿಗೆ ಅಂತ ಓಡ್ತಿದ್ದಂಗೇ ನನಗೆ ಶುರುವಾಗ್ತಿತ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳೋಕೆ ಅಂತ ಬಾಯಿ ತೆರೆದಾಗ್ಲೆಲ್ಲ ನೀವು ಕವರ್ ಹಿಡಿತಿದ್ರಿ" ಎಂದಳು.

ಇದಕ್ಕಿಂತ ದೊಡ್ಡ ಅನ್ಯಾಯ ಯಾವುದಾದರೂ ಇದೆಯೇ, ನೀವೇ ಹೇಳಿ. ಯಾರ ಸಲುವಾಗಿ ಬಸ್ಸಿನ ಹಿಂದೆ ಓಡಿ ಮೊಣಕಾಲು ತರಚಿಕೊಂಡೆನೋ, ಯಾರ ಸಲುವಾಗಿ ಕಂಡಕ್ಟರು, ಡ್ರೈವರು, ಸಹಪ್ರಯಾಣಿಕರು, ಕೊನೆಗೆ ಒಂದು ಅಂತಾರಾಷ್ಟ್ರೀಯ ಛತ್ರಿಯ ಜೊತೆಗೂ ಸೆಣಸಿದೆನೋ ಅವಳೇ ಹೀಗೆ ಅನ್ನುವುದೇ? ನನಗೆ ಕೆಂಡದಂಥ ಕೋಪ ಬಂತು. ಆದರೆ ಕೋಪ ತೋರಿಸಿದರೆ ಅವಳಿಗೆ ವಾಂತಿ. ಇಂಥ ಇಕ್ಕಟ್ಟಿಗೆ ಯಾವ ಸರ್ಕಾರಿ ನೌಕರನೂ ಸಿಕ್ಕಿರಲಾರ. ಅತ್ತ ವೀರಭದ್ರಪ್ಪನವರು ಒಬ್ಬರೇ ಬೆಟ್ಟ ನೋಡುತ್ತಾ ನಿಂತಿದ್ದರು. ಅವರ ಮುಖ ನೋಡಿದರೆ, ಸರ್ವಮಂಗಳಮ್ಮನ ಮಂಡಿಯ ವಿಷಯದಲ್ಲೂ ಅವರಿಗೆ ಏನೋ ತಿಳಿದುಬಂದ ಹಾಗಿತ್ತು. ನಾನು ಕೇಳಲಿಲ್ಲ. ಉಳಿದ ಕೋಡುಬಳೆಯಲ್ಲಿ ಒಂದನ್ನು ಕೊಟ್ಟೆ, ಅವರು ಬೆಟ್ಟದ ಕಡೆ ನೋಡುತ್ತಲೇ ತಿಂದರು.

ಊರಿಗೆ ಬಂದ ಮೇಲೆ ಗಿರಿಜಳೂ ಸರ್ವಮಂಗಳಮ್ಮನೂ ದಿನವೂ ಫೋನಿನಲ್ಲಿ ಗುಸುಗುಸು. ಸಮೀವುಲ್ಲಾ ಬೇರೆ ಬಂದು ಅದಕ್ಕೆ ತುಪ್ಪ ಸುರಿದ. ಈಗ ಹೆಂಗಸರಿಬ್ಬರೂ ವಿಯೆಟ್ನಾಮಿಗೆ ಹೊರಟಿದ್ದಾರೆ, ಗೈಡಿಲ್ಲ, ಛತ್ರಿಯಿಲ್ಲ, ಬೇಕೆಂದೇ ತಪ್ಪು ಬಸ್ಸು ಹತ್ತುತ್ತಾರಂತೆ. ನಾನು ಬರುವುದೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. "ನೀವೂ ಬರಬೋದು. ಆದ್ರೆ ಮೊದ್ಲು ಜಗಳ ಆಡ್ದೆ ಒಂದ್ ಸಲ ಅಜ್ಜಂಪುರಕ್ಕೆ ಕರ್ಕೊಂಡೋಗಿ, ನೋಡಣ" ಎಂದಳು ಗಿರಿಜ. ಆಗಲಿ, ಅದೇನು ಮಹಾ ಎಂದೆ. ಕಳೆದ ವಾರ ವೀರಭದ್ರಪ್ಪನವರ ಮನೆಗೆ ಊಟಕ್ಕೆಂದು ತರೀಕೆರೆಯಲ್ಲಿ ಬಸ್ಸು ಹತ್ತಿದೆವು. ಬೆಳಗಿನ ಹೊತ್ತು, ಬಸ್ಸು ಖಾಲಿಯಿತ್ತು, ಮುಂದಿನ ಸೀಟು ತಾನಾಗಿಯೇ ಸಿಕ್ಕಿತು.

ಊರು ದಾಟುತ್ತಿದ್ದಂತೆ ಡ್ರೈವರು ಒಂದು ಕೈಯಲ್ಲಿ ಫೋನು ಹಿಡಿದು ಯಾರದೋ ಜಮೀನಿನ ಖಾತೆ ಬದಲಾವಣೆಯ ಬಗ್ಗೆ ಮಾತಿಗಿಳಿದ. ಅವನು ಹೇಳುತ್ತಿದ್ದ ಕಾನೂನು ಒಂದೂ ಸರಿಯಿರಲಿಲ್ಲ. ನಾನು ತುಟಿ ಕಚ್ಚಿಕೊಂಡೆ. ಹಿಂದೆ ಕೂತವನೊಬ್ಬ ಮೊಬೈಲಿನಲ್ಲಿ ಜೋರಾಗಿ ಏನೇನೋ ಹಾಕಿಕೊಂಡು, ಒಂದು ಮುಗಿಯುವ ಮುಂಚೆ ಇನ್ನೊಂದಕ್ಕೆ ಹಾರುತ್ತಿದ್ದ. ಕಣ್ಣು ಮುಚ್ಚಿಕೊಂಡೆ. ಕಂಡಕ್ಟರು ಯಾರದೋ ಮೇವಿನ ಹೊರೆಯನ್ನು ಬಾಗಿಲಿಗೆ ಅಡ್ಡಲಾಗಿ ಹಾಕಿಸಿ, ಹತ್ತುವ ಮುದುಕರಿಗೇ "ನೋಡ್ಕೊಂಡು ಕಾಲಿಡಿ" ಎಂದು ರೇಗಿದ. ಸೀಟಿನ ಕಂಬಿ ಹಿಡಿದುಕೊಂಡೆ. ಆಮೇಲೆ ಊರಿಲ್ಲ ಕೇರಿಯಿಲ್ಲ ಎಂಬಂಥ ಜಾಗದಲ್ಲಿ ಬಸ್ಸು ನಿಲ್ಲಿಸಿ ಇಬ್ಬರೂ ಟೀ ಕುಡಿಯಲು ಇಳಿದರು. ಹೇಳಬೇಕಾದ ಮಾತುಗಳೆಲ್ಲ ಒಂದರ ಮೇಲೊಂದು ಗಂಟಲವರೆಗೆ ಬಂದು ನಿಂತವು. ಒಂದೊಂದನ್ನೂ ನುಂಗಿದೆ. ನುಂಗಿದ್ದು ಒಳಗೆ ಹೋಗಿ ಸುಮ್ಮನೆ ಕೂರಲಿಲ್ಲ. ಹಣೆಯಲ್ಲಿ ಬೆವರು ಬಂತು, ಕೈ ತಣ್ಣಗಾಯಿತು, ಹೊಟ್ಟೆಯೊಳಗೆ ಯಾರೋ ಮಜ್ಜಿಗೆ ಕಡೆದ ಹಾಗಾಯಿತು. "ಇತ್ಲಾಗೆ ಕಿಟಕಿ ಪಕ್ಕ ಬನ್ನಿ" ಎಂದು ಗಿರಿಜ ಜಾಗ ಬಿಟ್ಟುಕೊಟ್ಟು, ಅಜ್ಜಂಪುರ ಬರುವವರೆಗೂ ನನ್ನ ಬೆನ್ನು ಸವರುತ್ತಾ ಬಂದಳು.

ಸ್ಟ್ಯಾಂಡಿನಲ್ಲಿ ವೀರಭದ್ರಪ್ಪನವರು ಕಾಯುತ್ತಿದ್ದರು. ನನ್ನ ಬಿಳುಚಿದ ಮುಖ ನೋಡಿ ಗಾಬರಿಯಾಗಿ, "ಯಾಕ್ ಶಿರಸ್ತೇದಾರ್ರೇ ಹಿಂಗಾಗಿದೀರಾ? ಹಿಂದಿನ ಸೀಟು ಸಿಕ್ತಾ?" ಎಂದರು.

ನಾನು ಜೇಬಿನಲ್ಲಿ ಪ್ಲಾಸ್ಟಿಕ್ ಕವರು ತಡಕುತ್ತಿದ್ದೆ.

"ಇಲ್ಲ ಅಣ್ಣಾ, ಮುಂದಿನ ಸೀಟೇ" ಎಂದಳು ಗಿರಿಜ. "ಇವರು ಜಗಳ ಆಡ್ಲಿಲ್ಲ, ಅಷ್ಟೇ."